ಒರೆಸಿದ ಮುಚ್ಚಳ

ಅಧ್ಯಕ್ಷ ಸ್ಥಾನದಲ್ಲಿರುವ ಶ್ರೀಮತಿ ಜ್ಯೋತ್ಸ್ನಾ ಅವರೇ, ವೇದಿಕೆಯ ಮೇಲಿನ ಗಣ್ಯರೇ, ನಮ್ಮ ವಿಮಾನ ಸಂಗ್ರಹಾಲಯದ ಸ್ವಯಂಸೇವಕ ಬಂಧುಗಳೇ, ಲೋಕಲ್ ರೈಲು ನಿಲ್ಲಿಸುವ ಭಾನುವಾರದ ಮೆಗಾ ಬ್ಲಾಕನ್ನೂ ಲೆಕ್ಕಿಸದೆ ಮಾಟುಂಗದ ಈ ಸಭಾಂಗಣಕ್ಕೆ ಬಂದು ಸೇರಿರುವ ಸಭಿಕರೇ,

ಶಾಲು ಹೊದಿಸಿದಿರಿ, ಹಾರ ಹಾಕಿದಿರಿ. ಸನ್ಮಾನಪತ್ರವನ್ನು ವೈಶಾಲಿಯವರು ಬಹಳ ಚೆನ್ನಾಗಿ ಓದಿದರು. ಅದರಲ್ಲೊಂದು ಮಾತಿದೆ: "ಶ್ರೀ ರಮಾನಾಥರ ಕೈ ತಾಗಿದರೆ ಐವತ್ತು ವರ್ಷದ ಹಳೆಯ ವಿಮಾನವೂ ಹೊಸದರಂತೆ ಹೊಳೆಯುತ್ತದೆ." ಸಭೆಯೆಲ್ಲ ಚಪ್ಪಾಳೆ ತಟ್ಟಿತು. ನಮ್ಮ ಸ್ವಯಂಸೇವಕರ ಸಾಲು ಮಾತ್ರ ತಟ್ಟಲಿಲ್ಲ, ಗಮನಿಸಿದಿರಾ? ಯಾಕೆಂದರೆ ನಮ್ಮಲ್ಲಿ ಅದು ಬೈಗುಳ.

ಹೌದು, ನಗಬೇಡಿ. ನಮ್ಮ ಶೆಡ್ಡಿನಲ್ಲಿರುವುದು ಹಾರಾಟ ಕಲಿಸುತ್ತಿದ್ದ ಎರಡು ಸೀಟಿನ ಪುಟ್ಟ ವಿಮಾನ. ಅದನ್ನು ಮತ್ತೆ ಹಾರಿಸುವುದು ನಮ್ಮ ಕೆಲಸವಲ್ಲ, ಹೊಸದು ಮಾಡುವುದಂತೂ ಅಲ್ಲವೇ ಅಲ್ಲ. ಇದ್ದದ್ದನ್ನು ಇದ್ದ ಹಾಗೆ ಉಳಿಸುವುದು ನಮ್ಮ ಕೆಲಸ. ನಮ್ಮ ತಂಡದ ಮುಖ್ಯಸ್ಥೆ ವಿನೋದಿನಿಯವರು ವಿಮಾನ ರಿಪೇರಿಯಲ್ಲೇ ತಲೆ ನರೆಸಿಕೊಂಡವರು. ಮೊದಲ ದಿನವೇ ನನಗೆ ಹೇಳಿದರು: "ಮಾರಾಯ್ರೆ, ಅಜ್ಜಿಗೆ ಮುಖ ತೊಳೆಸಿ. ಸುಕ್ಕು ತೆಗೀಲಿಕ್ಕೆ ಹೋಗ್ಬೇಡಿ." ಮೊದಲು ಫೋಟೋ, ಆಮೇಲೆ ಚೀಟಿ, ಕೊನೆಗೆ ಬಟ್ಟೆ. ಇದು ಅವರ ಕಾನೂನು. ಫೋಟೋ ತೆಗೆಯದ ಭಾಗವನ್ನು ಯಾರೂ ಮುಟ್ಟುವಂತಿಲ್ಲ.

ಆದರೆ ನಾನು ಯಾರು? ಕುಂದಾಪುರದ ಕಡೆಯಿಂದ ಬಂದು ವಡಾಲದಲ್ಲಿ ಮೂವತ್ತೆಂಟು ವರ್ಷ ಹೋಟೆಲು ನಡೆಸಿದವನು. ಅಳಿಯ ಹಿತೇಶನಿಗೆ ಹೋಟೆಲು ಬಿಟ್ಟುಕೊಟ್ಟಿದ್ದೇನೆ, ಒರೆಸುವ ಚಟ ಮಾತ್ರ ಬಿಟ್ಟಿಲ್ಲ. ಮೇಜಿನ ಮೇಲೆ ಸಾಂಬಾರಿನ ಹನಿ ಕಂಡರೆ ಈಗಲೂ ಕೈ ತುರಿಸುತ್ತದೆ, ಬೇರೆಯವರ ಹೋಟೆಲಿನಲ್ಲೂ! ನಮ್ಮ ಕೈತೊಳೆಯುವ ಜಾಗದ ಗೋಡೆಯ ಮೇಲೆ ಕಾಲೇಜಿನ ಮಕ್ಕಳು ತಮ್ಮ ಹೆಸರು, ಪಕ್ಕದಲ್ಲಿ ಇನ್ನೊಂದು ಹೆಸರು ಬರೆದು ಹೋಗುತ್ತಿದ್ದರು. ಬೆಳಿಗ್ಗೆ ಬಾಗಿಲು ತೆರೆದವನೇ ನಾನು ಮೊದಲು ಮಾಡುತ್ತಿದ್ದ ಕೆಲಸ ಅದನ್ನು ಒರೆಸುವುದು. ಎಷ್ಟು ಪ್ರೇಮಗಳನ್ನು ಒರೆಸಿದ್ದೇನೋ, ದೇವರೇ ಬಲ್ಲ.

ನನ್ನ ಕೈಯಲ್ಲಿರುವ ಚೀಟಿಯ ಪ್ರಕಾರ ಈ ಹಾಸ್ಯದ ನಂತರ ನಾನು ದಾನಿಗಳನ್ನು ಸ್ಮರಿಸಬೇಕು. ಅವರು ಕ್ಷಮಿಸಬೇಕು. ಗೋಡೆಯ ಮಾತು ಬಂದ ಮೇಲೆ ಇನ್ನೊಂದನ್ನು ಹೇಳದೆ ಮುಂದೆ ಹೋಗಲು ಬಾಯಿ ಒಪ್ಪುತ್ತಿಲ್ಲ.

ಎರಡು ವರ್ಷದ ಹಿಂದೆ, ನಾನು ಸೇರಿದ ಮೂರನೆಯ ಭಾನುವಾರ. ವಿನೋದಿನಿಯವರು ಚಹಾಕ್ಕೆ ಹೋಗಿದ್ದರು. ಹಿಂದಿನ ಸೀಟಿನ ಬೆನ್ನಿಗೆ ಸಾಮಾನು ಇಡುವ ಸಣ್ಣ ಖಾನೆಯಿದೆ. ಅದರ ಮುಚ್ಚಳ ತೆಗೆದೆ. ಒಳಮೈ ತುಂಬ ಜಿಡ್ಡು, ಜಿಡ್ಡಿನ ನಡುವೆ ಕೆಂಪು ಪೆನ್ಸಿಲಿನ ಕನ್ನಡ ಅಕ್ಷರ. ಓದಿದೆ. ಓದದೆ ಒರೆಸಿದೆ ಎಂದರೆ ಸುಳ್ಳಾಗುತ್ತದೆ. ಇಲ್ಲಿಗೂ ಬಂದರಲ್ಲ ಈ ಗೀಚುವವರು ಎಂದು ಗೊಣಗಿಕೊಂಡು, ಸೀಮೆಎಣ್ಣೆಯ ಬಟ್ಟೆಯಿಂದ ಉಜ್ಜಿ ಉಜ್ಜಿ ಬೆಳ್ಳಿತಟ್ಟೆ ಮಾಡಿಟ್ಟೆ. ಫೋಟೋ ತೆಗೆದಿರಲಿಲ್ಲ.

ಮುಂದಿನ ಭಾನುವಾರ ದಹಿಸರ್‌ನಿಂದ ಬಂಡೆಪ್ಪನವರು ಬಂದರು. ಕಟ್ಟಡಗಳಿಗೆ ಟೈಲ್ಸ್ ಹಾಕುವ ಕೆಲಸದವರು, ಮೂಲತಃ ವಿಜಯಪುರ ಜಿಲ್ಲೆಯವರು. ಪೇಪರಿನಲ್ಲಿ ನಮ್ಮ ವಿಮಾನದ ಚಿತ್ರ, ಬಾಲದ ಮೇಲಿನ ನಂಬರು ನೋಡಿ, ವಯಸ್ಸಾದ ತಾಯಿ ಹನುಮವ್ವನವರನ್ನು ಲೋಕಲ್‌ನಲ್ಲಿ ಕೂರಿಸಿಕೊಂಡು ಬಂದಿದ್ದರು. "ನಮ್ಮಪ್ಪ ಇದನ್ನ ತೊಳೀತಿದ್ದರಿ. ಕೆಲಸದ ಗೇಟಿನ್ಯಾಗ ಅವಗ ಹೆಸರ ಇರಲಿಲ್ಲ, ಬರೇ ನಂಬರ. ಅದಕ್ಕ, ಸಾಮಾನ ಇಡೂ ಖಾನಿ ಒಳಗ ಹೆಸರ ಬರದೀನಿ ಅಂತ ಸಾಯೂತನಾ ಹೇಳ್ತಿದ್ದ. ಒಮ್ಮೆ ನಮ್ಮವ್ವಗ ತೋರಸ್ರಿ."

ಯಾವ ಹೆಸರು ಎಂದು ವಿನೋದಿನಿಯವರು ಆ ತಾಯಿಯನ್ನು ಕೇಳಿದರು. ಅವರು ಸೆರಗು ಬಾಯಿಗೆ ಹಿಡಿದು ನಕ್ಕರು. "ಗಂಡನ ಹೆಸರ ನಾ ಹೆಂಗ ಹೇಳ್ಲೆವ್ವಾ? ಅವರೂ ಒಂದ ದಿನಾ ನನ್ನ ಹೆಸರ ಹಿಡದ ಕರದವರಲ್ಲ. 'ಏ, ಎಲ್ಲಿದ್ದಿ' ಅಂದ್ರ ನಾನ ಅಂತ ತಿಳ್ಕೋಬೇಕಿತ್ತು." ಶಿವಪುತ್ರ ಎಂದು ಮಗನೇ ಹೇಳಬೇಕಾಯಿತು.

ಮುಚ್ಚಳ ತೆಗೆದು ತೋರಿಸಿದವನು ನಾನೇ. ಅದರಲ್ಲಿ ಆ ತಾಯಿಗೆ ಅವರದೇ ಮುಖ ಕಂಡಿತು, ಅಷ್ಟು ಚೆನ್ನಾಗಿ ಉಜ್ಜಿದ್ದೆ. ಬೆರಳಿನಿಂದ ಒಮ್ಮೆ ಸವರಿ ನೋಡಿದರು. "ಹಿಂದೆ ಯಾರೋ ಒರೆಸಿರಬೇಕು" ಎಂದೆ. ಹೌದು, ಎಂದೆ. ಹೇಳಿದರೆ ವಿನೋದಿನಿಯವರು ನನ್ನನ್ನು ಶೆಡ್ಡಿನಿಂದ ಹೊರಗೆ ಹಾಕುತ್ತಾರೆ ಎಂಬ ಹೆದರಿಕೆ. ಹೋಟೆಲು ಬಿಟ್ಟ ಮೇಲೆ ಭಾನುವಾರ ಒಂದೇ ನನಗೆ ಉಳಿದಿದ್ದ ವಾರ.

ಬಂಡೆಪ್ಪನವರು ನಂಬಿದರು. "ಇರಲಿ ಬಿಡ್ರಿ, ಬ್ಯಾರೆ ಕಡೆನೂ ಬರದಿರಬೇಕು" ಎಂದರು. ಅಂದಿನಿಂದ ಪ್ರತಿ ಭಾನುವಾರ ಬರುತ್ತಾರೆ. ಒಂದೊಂದೇ ಮುಚ್ಚಳ ತೆಗೆದು ಟಾರ್ಚ್ ಬೆಳಕಿನಲ್ಲಿ ಒಳಗೆ ಇಣುಕುತ್ತಾರೆ. ತಂದ ರೊಟ್ಟಿಯಲ್ಲಿ ಅರ್ಧ ನನಗೆ ಕೊಡುತ್ತಾರೆ, ನಾನು ತಿನ್ನುತ್ತೇನೆ. ಕಳೆದ ವಾರ ಎಡರೆಕ್ಕೆ ಮುಗಿಯಿತು. ಇನ್ನು ಬಲರೆಕ್ಕೆ ಬಾಕಿ. ಇಲ್ಲದ್ದನ್ನು ಅವರು ಹುಡುಕುವುದು, ಪಕ್ಕದಲ್ಲಿ ನಿಂತು ನಾನು ಟಾರ್ಚ್ ಹಿಡಿಯುವುದು, ಇದು ಇನ್ನೆಷ್ಟು ದಿನ ಎಂದು ನನ್ನನ್ನೇ ಕೇಳಿಕೊಂಡೆ. ಉತ್ತರಕ್ಕೆ ಎರಡು ವರ್ಷ ಬೇಕಾಯಿತು. ಅದಕ್ಕೆ ನನಗೆ ನಾಚಿಕೆಯಾಗುತ್ತದೆ.

ಮೂರನೆಯ ಸಾಲಿನಲ್ಲಿ ತಾಯಿ ಮಗ ಇಬ್ಬರೂ ಕುಳಿತಿದ್ದಾರೆ. ಬಂಡೆಪ್ಪನವರೇ, ಬಲರೆಕ್ಕೆ ಬಿಚ್ಚಬೇಡಿ. ಒರೆಸಿದವನು ನಾನು. ವಿನೋದಿನಿಯವರೇ, ನೀವು ಏನು ಮಾಡಿದರೂ ಸರಿ. ಈ ಶಾಲನ್ನು ಕುರ್ಚಿಯ ಮೇಲೆ ಇಟ್ಟಿದ್ದೇನೆ. ಅದನ್ನು ಹೊದ್ದುಕೊಂಡು ಮುಂದಿನ ಮಾತು ಆಡಲಾರೆ.

ಆ ಬರಹದ ಫೋಟೋ ಇಲ್ಲ. ಅದನ್ನು ಓದಿದವರಲ್ಲಿ ನನಗೆ ತಿಳಿದಂತೆ ಈಗ ಇರುವವನು ನಾನೊಬ್ಬನೇ. ನನಗೂ ಅರವತ್ತೊಂಬತ್ತು, ಮರೆವು ಶುರುವಾಗಿದೆ. ಆದ್ದರಿಂದ ಇಷ್ಟು ಜನರ ಕಿವಿಯ ಮೇಲೆ ಹಾಕಿಬಿಡುತ್ತೇನೆ. ಹನುಮವ್ವನವರೇ, ನಿಮ್ಮ ಮಗ ಒಂದೇ ಹೆಸರು ಹುಡುಕುತ್ತಿದ್ದಾರೆ. ಅಲ್ಲಿ ಎರಡಿದ್ದವು. ಕೆಳಗಿನ ಸಾಲಿನಲ್ಲಿ ಶಿವಪುತ್ರ ಎಂದಿತ್ತು. ಮೇಲಿನ ಸಾಲಿನಲ್ಲಿ, ಅದಕ್ಕಿಂತ ದೊಡ್ಡದಾಗಿ, ಹನುಮವ್ವ ಎಂದಿತ್ತು. ಆ ಹೆಸರಿನ ಮೇಲೆ ಪೆನ್ಸಿಲು ಎರಡೆರಡು ಸಲ ಓಡಿತ್ತು, ತಾಯಿ. ಒರೆಸಲು ನನಗೆ ಹೆಚ್ಚು ಹೊತ್ತು ಹಿಡಿದದ್ದು ಅದಕ್ಕೇ.

ನಾನೀಗ ಕೆಳಗಿಳಿದು ಮೂರನೆಯ ಸಾಲಿಗೆ ಬರುತ್ತೇನೆ. ಸಂಘದ ಪದಾಧಿಕಾರಿಗಳಿಗೂ, ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮಗೂ ಕೃತಜ್ಞತೆಗಳು. ನಮಸ್ಕಾರ.