ನಾನು ಎಬ್ಬಿಸಿದ ಮಹಬೂಬೀ

‘ಮೂವತ್ತು ವರ್ಷದಾಗ ಬಸವಂತಮ್ಮ ಮೇಡಂ ಒಮ್ಮಿನೂ ಬ್ಯಾಸರ ಮಾಡಿಕೊಂಡಿಲ್ಲ’ ಎಂದು ನನ್ನ ಬಗ್ಗೆ ಅಂದರಲ್ಲ ಈಗ, ಪ್ರಾಂಶುಪಾಲ ಪ್ರಭುರಾಜ ಅವರಿರಬೇಕು, ಅಥವಾ ಹಾರ ಹಾಕಿದವರು, ಸರಿಯಾಗಿ ನೆನಪಾಗುತ್ತಿಲ್ಲ. ಅದನ್ನು ಎಲ್ಲಿಂದ ಕಂಡುಹಿಡಿದರೋ. ಇರಲಿ. ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ರಾಯಚೂರಿನ ಈ ಬಿಸಿಲಲ್ಲೂ ಬಂದು ಕುಳಿತಿರುವ ಸಭಿಕರೇ,

ಕಾಲೇಜಿನ ವಾರ್ಷಿಕ ಸಂಚಿಕೆಯನ್ನು ಹದಿನೆಂಟು ವರ್ಷ ನಾನು ತಿದ್ದಿದೆ. ನಿವೃತ್ತಿಯ ದಿನ ಈ ಶಾಲು ಹೊದಿಸಿದ್ದೂ ಅದಕ್ಕೇ ಎಂದಿರಿ. ತಿದ್ದುವುದೆಂದರೇನು? ಕಾಗುಣಿತ ನೋಡುವುದೇ? ಅಷ್ಟೇ ಆಗಿದ್ದರೆ ಇವತ್ತು ಶಾಲು ಹೊದ್ದು ಸುಮ್ಮನೆ ಮನೆಗೆ ಹೋಗುತ್ತಿದ್ದೆ.

ನಾಲ್ಕು ವರ್ಷದ ಹಿಂದೆ, ದೇವದುರ್ಗದಿಂದ ಬಸ್ಸಿನಲ್ಲಿ ಬರುತ್ತಿದ್ದ ನಗ್ಮಾ ಎಂಬ ವಿದ್ಯಾರ್ಥಿನಿ ನಮ್ಮ ಕಥಾಸ್ಪರ್ಧೆಗೆ ಒಂದು ಕಥೆ ಕೊಟ್ಟಳು. ಅದರಲ್ಲಿ ಮಹಬೂಬೀ ಎಂಬ ಸೊಸೆ. ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬಂದ ದಿನ, ಹಿಟ್ಟು ಮೆತ್ತಿದ ಕೈಯಲ್ಲೇ ಒಲೆಯ ಮುಂದೆ ಕುಳಿತುಬಿಡುತ್ತಾಳೆ. ಬೈಯುತ್ತಾರೆ, ತಾಯಿತ ಕಟ್ಟುತ್ತಾರೆ. ಏಳುವುದಿಲ್ಲ. ಕಥೆ ಅಲ್ಲಿಗೇ ಮುಗಿದಿತ್ತು.

ನಾನು ನಾಲ್ಕು ಸಾಲು ಸೇರಿಸಿದೆ. ಅವಳ ಮಗು ಅತ್ತಿತು, ಮಹಬೂಬೀ ಕಣ್ಣೊರೆಸಿಕೊಂಡು ಎದ್ದಳು, ನಗುತ್ತಾ ಬಂದವರಿಗೆ ಚಹಾ ಕೊಟ್ಟಳು. ಕಥೆಗೆ ಮೊದಲ ಬಹುಮಾನ ಬಂತು, ಸಂಚಿಕೆಯಲ್ಲಿ ಹಾಗೇ ಅಚ್ಚಾಯಿತು.

ನಗ್ಮಾ ಸಂಚಿಕೆ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದಳು.

‘ಮೇಡಂ, ಆಕಿ ಎದ್ದಿಲ್ರಿ. ನೀವ್ಯಾಕ ಎಬ್ಬಿಸಿದ್ರಿ?’

‘ಹುಚ್ಚಿ, ಹಂಗ ಕುಂತ್ರ ಓದಿದವ್ರು ಏನಂತಾರ? ಏಳದ ಇರಾಕ ಆಗ್ತದೇನು?’

‘ನಿಮಗ ಆಗಂಗಿಲ್ಲೇನ್ರಿ?’

ನನಗೆ ಹೇಗೆ ಆದೀತು, ನೀವೇ ಹೇಳಿ? ಮದುವೆಯಾದಾಗಿನಿಂದ ಇಪ್ಪತ್ತು ರೊಟ್ಟಿ ಬಡಿದೇ ಪಾಠಕ್ಕೆ ಬಂದವಳು. ‘ಪಗಾರ ತರ್ತಾಳ ಅಂತ ಒಲಿ ತಾನ ಉರಿತದೇನು?’ ಎನ್ನುತ್ತಿದ್ದರು ನಮ್ಮ ಅತ್ತೆ; ಬಹಳ ಹಾಸ್ಯದವರು. ಈಗ ಬೆಳಿಗ್ಗೆ ಏಳುವುದಕ್ಕೆಂದೇ ಒಂದು ಗುಳಿಗೆ ಇದೆ. ಮನೆಯಲ್ಲಿ ಥೈರಾಯ್ಡಿನದು ಎಂದು ಹೇಳಿದ್ದೇನೆ. ನಮ್ಮ ಮನೆಯವರು ಇಲ್ಲೇ ಮುಂದಿನ ಸಾಲಿನಲ್ಲಿದ್ದಾರೆ. ಇರಲಿ.

ಕಳೆದ ತಿಂಗಳು ನಗ್ಮಾಳ ತಾಯಿ ಅಂಕಪಟ್ಟಿ ಒಯ್ಯಲು ಬಂದಿದ್ದರು. ಮಗಳನ್ನು ಮಾನ್ವಿಗೆ ಕೊಟ್ಟಿದ್ದಾರೆ.

‘ಒಲಿ ಮುಂದ ಸುಮ್ಕ ಕುಂತುಬಿಡ್ತಾಳ್ರಿ ಮೇಡಂ. ಕರೆದ್ರ ಓ ಅನ್ನಂಗಿಲ್ಲ. ಅಳಿಯ ಭಾಳ ಚೊಲೋ ಮನಷಾ, ಒಂದಿನಾನೂ ಕೈ ಎತ್ತಿಲ್ಲ. ಆಕಿ ಕಥಿ ಬಂದ ನಿಮ್ಮ ಕಾಲೇಜಿನ ಪುಸ್ತಕ ತಂದು ದಿನಾ ಓದಿ ತೋರಸ್ತಾನ್ರಿ. ನೀನ ಬರದೀ ನೋಡು, ಮಹಬೂಬೀ ಎದ್ದಾಳ, ನೀನೂ ಏಳು ಅಂತ. ದವಾಖಾನಿ ಯಾಕ ಬೇಕು, ಏಳೋದು ಆಕಿಗೆ ಗೊತ್ತದ ಅಂತಾನ್ರಿ.’

ಆ ಸಾಲುಗಳು ಅವಳವಲ್ಲ. ನನ್ನವು. ಆ ತಾಯಿಯ ಎದುರು ಇದನ್ನು ಹೇಳಲಾಗಲಿಲ್ಲ. ಅಂಕಪಟ್ಟಿಗೆ ಸಹಿ ಮಾಡಿಸಿ ಕಳಿಸಿದೆ. ಮುಂದಿನ ಸಂಚಿಕೆಯಲ್ಲಿ ಕಥೆ ಅವಳು ಬರೆದಂತೆಯೇ ಅಚ್ಚಾಗಲಿ, ಕೆಳಗೆ ನನ್ನ ತಪ್ಪೊಪ್ಪಿಗೆಯೂ ಇರಲಿ. ಅಧ್ಯಕ್ಷರು ಒಪ್ಪಬೇಕು. ಆದರೆ ಅಚ್ಚಾಗುವವರೆಗೆ ಕಾಯುವ ಹಾಗಿಲ್ಲ. ನಾಳೆ, ನನ್ನ ಬಳಿಯೇ ಉಳಿದಿರುವ ಅವಳ ಕೈಬರಹದ ಪ್ರತಿ ತೆಗೆದುಕೊಂಡು ಮಾನ್ವಿಗೆ ಹೋಗುತ್ತೇನೆ. ದವಾಖಾನೆಯ ಮಾತನ್ನೂ ನಾನೇ ಆಡುತ್ತೇನೆ.

ನಡುವೆ ಕರೆಂಟು ಹೋದರೂ ಎದ್ದು ಹೋಗದೆ ಕೇಳಿದಿರಿ, ನಿಮಗೆ ಋಣಿ. ಎಲ್ಲರಿಗೂ ನಮಸ್ಕಾರ.

ನಗ್ಮಾ, ನಾಳೆ ಮಾನ್ವಿಗೆ ಬಂದು, ಏಳು ಎನ್ನದೆ, ಒಲೆಯ ಮುಂದೆ ನಿನ್ನ ಪಕ್ಕ ಕುಳಿತುಕೊಳ್ಳುತ್ತೇನೆ. ಜಾಗ ಕೊಡುತ್ತೀಯಾ?