ಅತ್ತಿಗೆ ಎತ್ತಿಟ್ಟ ಪಟ್ಟಿ

ಹಲೋ... ಹಾಂ, ಹಲೋ, ಯಾರು ಮಾತಾಡ್ತಿರೋದು?... ಓ, ಅತ್ತಿಗೆನಾ! ನಂಬರ್ ಬೇರೆ ಬಂತಲ್ಲ, ಅದಕ್ಕೇ ಕೇಳ್ದೆ...

ಇಲ್ಲ, ಹೇಳಿ. ಕಾರು ಪಕ್ಕಕ್ಕೆ ಹಾಕಿದೀನಿ. ಡ್ರೈವಿಂಗ್ ಕಲಿಯೋಕೆ ಬಂದ ಹುಡುಗಿ ಮುಖ ತೊಳ್ಕೊಳ್ಳೋಕೆ ಹೋದ್ಲು. ನಾನು ದಳದಳ ಬೆವರೋದು ನೋಡಿ, ತನ್ನ ಡ್ರೈವಿಂಗಿಗೇ ಹೆದರಿದೀನಿ ಅಂದ್ಕೊಂಡು ಅತ್ತೇಬಿಟ್ಳು, ಪಾಪ...

ಹಾಂ, ಹುಡುಕ್ತಾನೇ ಇದೀನಿ. ಡಾಕ್ಟರು ಬರೆದುಕೊಟ್ಟ ಹಾರ್ಮೋನ್ ಪಟ್ಟಿ, ಹೊಟ್ಟೆಗೆ ಅಂಟಿಸ್ಕೊಳ್ಳೋದು. ನೀವು ಬಂದು ಹೋದ ಮೇಲೆ ಡಬ್ಬಿನೇ ಮಾಯ... ಏನು? ನೀವೇ ತಗೊಂಡು ಹೋದ್ರಾ?... ನನ್ನ ಒಳ್ಳೇದಕ್ಕೆ? ಆಹಾ!

...ಆರು ತಿಂಗಳು ಕಾದ್ರೆ ಮೈ ತಾನಾಗೇ ಸರಿಹೋಗುತ್ತಾ? ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆದಿದ್ದಾರೆ ಅತ್ತಿಗೆ. ಮತ್ತೆ ಚಿಗುರುತ್ತಾ ಅವು?... ನಿಮಗೆ ಮುಟ್ಟು ನಿಂತಿದ್ದು ಐವತ್ತು ದಾಟಿದ ಮೇಲೆ, ನಿಧಾನವಾಗಿ. ನಂಗೆ ನಲವತ್ತೊಂದು, ಒಂದೇ ಮಧ್ಯಾಹ್ನದಲ್ಲಿ ಎಲ್ಲ ಬಂದ್! ಇನ್ನು ತಡ ಮಾಡಬೇಡಿ, ಮೂಳೆಗೆ ಪೆಟ್ಟು ಅಂತ ಡಾಕ್ಟರು ಹೇಳಿದ್ದು ನನ್ನ ಗಂಡ ಅನ್ನಿಸ್ಕೊಂಡ ನಿಮ್ಮ ತಮ್ಮನ ಎದುರಿಗೇ. ಅಲ್ಲಿ ಕೋಲೆಬಸವನ ಹಾಗೆ ತಲೆ ಆಡಿಸಿ, ಮನೆಗೆ ಬಂದು ನಿಮ್ಮನ್ನ ಕೇಳಿದ್ರಾ? ಸರಿಹೋಯ್ತು...

ಹೋಗ್ಲಿ, ಇವತ್ತು ತಂದುಕೊಡಿ... ಯಾಕೆ ಆಗಲ್ಲ?... ಖಾಲಿನಾ? ಯಾರು ಖಾಲಿ ಮಾಡಿದ್ದು?...

ಅಯ್ಯಯ್ಯೋ! ಬೆನ್ನು ನೋವಿನ ಪಟ್ಟಿ ಅಂದ್ಕೊಂಡ್ರಾ ನಿಮ್ಮ ಯಜಮಾನ್ರು?... ಸೊಂಟಕ್ಕೆ, ಎರಡೆರಡು?... ಇಲ್ಲ, ನಗ್ತಿಲ್ಲ... ಹೌದು, ನಗ್ತಿದೀನಿ. ನೋವು ಕಮ್ಮಿ ಆಯ್ತಂತಾ?...

ಮೊದಲು ಕಿತ್ತು ಹಾಕಿ, ಡಾಕ್ಟರಿಗೆ ತೋರಿಸಿ... ಆಗಲೇ ಹೊರಟ್ರಾ? ಟ್ಯಾಕ್ಸಿನೂ ಬಂತಾ? ಭೇಷ್! ಅವರ ಮೈ ಆರು ತಿಂಗಳು ಕಾಯೋ ಹಾಗಿಲ್ಲ, ಅಲ್ವಾ?...

ಹೇಳಲ್ಲ, ಯಾರಿಗೂ ಹೇಳಲ್ಲ... ನಾನಾ? ಎದುರಿಗೇ ಔಷಧಿ ಅಂಗಡಿ ಇದೆ. ಇವತ್ತೇ ತಗೊಂಡು ಇಲ್ಲೇ ಅಂಟಿಸ್ಕೊಳ್ತೀನಿ. ಇದಕ್ಕೆ ನಿಮ್ಮ ಅಕ್ಕ-ತಮ್ಮನ ಪಂಚಾಯ್ತಿ ಬೇಡ... ಕೋಪಾನಾ? ಹೌದು, ಕೋಪಾನೇ. ನೆಟ್ಟಗೆ ನಿದ್ದೆ ಕಂಡು ಎಷ್ಟು ದಿನ ಆಯ್ತೋ. ಅಳು ಬರುತ್ತೆ, ಯಾಕೆ ಅಂತ ಗೊತ್ತಾಗಲ್ಲ. ಇಷ್ಟು ಹೊತ್ತು ಮಾತಾಡಿದ್ರಲ್ಲ ಅತ್ತಿಗೆ, ನಿಂಗೆ ಹೇಗಿದೆ ಅಂತ ಒಂದು ಮಾತು...

ಹಲೋ?... ಅತ್ತಿಗೆ?... ಹಲೋ?...