ಅರಗಿನ ಕೆಳಗಿದ್ದದ್ದು
ಗಜೇಂದ್ರಗಡದ ಬಸ್ ನಿಲ್ದಾಣ, ೧೯೫೬ರ ಬೇಸಿಗೆ. ರೋಣದ ಬಸ್ಸಿನಿಂದಿಳಿದ ತನ್ನ ಅಕ್ಕನನ್ನು ಕರೆದೊಯ್ಯಲು ಬಂದ ಹೂವಪ್ಪನ ಮೈತುಂಬ ಕಟ್ಟಿಗೆಯ ಪುಡಿ. ನಾನು ನನ್ನ ಬಸ್ಸಿಗೆ ಕಾಯುತ್ತ ಪಕ್ಕದಲ್ಲೇ ನಿಂತಿದ್ದೆ.

“ಮದುವಿಗೆ ಮನಿ ಹೊಳೀಲಿ ಅಂತ ಮ್ಯಾಲಿನ ಖೋಲಿ ನೆಲದ ಹಲಗಿ ನಾನ ಉಸುಕಿನ ಕಾಗದ ಹಚ್ಚಿ ತಿಕ್ಕಿದ್ನಕ್ಕಾ.”

“ಚಲೋ ಆತಲ್ಲ. ಮತ್ತ್ಯಾಕ ಮಾರಿ ಹಿಂಗ ಮಾಡೀದಿ?”

“ಮಸಿ ಹೋತು. ಅದರ ಕೆಳಗ ಕೆತ್ತನಿ ಮುಚ್ಚಾಕ ತುಂಬಿದ್ದ ಅರಗೂ ಎದ್ದು ಬಂತು. ಒಳಗ ಕೆತ್ತಿದ ಬಸವಣ್ಣ ಕಂಡ.”

“ಯಾವ ಬಸವಣ್ಣ?”

“ನಮ್ಮೂರ ಗುಡಿ ಬಾಗಲದಾಗ ಇದ್ದಾಂವ.”

“ಅಯ್ಯ ಶಿವನ! ಆ ಬಾಗಲಾ ಒರಲಿ ತಿಂತು, ಸುಟ್ಟೆ ಅಂತ ಊರಿಗೆಲ್ಲ ಹೇಳಿದಾಂವ ಅಪ್ಪನ ಅಲ್ಲೇನೋ!”

“ಹೌದು.”

“ಇಷ್ಟ ವರ್ಷ ದೇವರನ್ನ ತುಳಕೋತ ಓಡ್ಯಾಡೀವಲ್ಲೋ… ಅಪ್ಪಗ ತೋರಿಸಿದ್ಯಾ?”

“ತೋರಿಸಿದೆ.”

“ಏನಂದ?”

ಹೂವಪ್ಪ ಅವಳ ಗಂಟನ್ನು ಹೆಗಲಿಗೇರಿಸಿ ಹೊರಟ.

“‘ಮತ್ತ ಅರಗ ತುಂಬು’ ಅಂದ.”